ತುಪ್ಪ ಬೆಣ್ಣೆಯಾಗುವ ಪ್ರಶ್ನೆ

ಸೋಂಪುರ ಹೋಬಳಿಯಲ್ಲಿ ಹುಟ್ಟಿದವರಿಗೆ ಪಿತ್ರಾರ್ಜಿತವಾಗಿ ಒಂದು ಪ್ರಶ್ನೆ ಬರುತ್ತದೆ: ಶಿವಗಂಗೆಯ ಗಂಗಾಧರೇಶ್ವರನಿಗೆ ಸವರಿದ ತುಪ್ಪ ಬೆಣ್ಣೆಯಾಗುವುದು ಹೇಗೆ? ಎಷ್ಟೋ ಜನರ ಜಮೀನು ಕೈಗಾರಿಕಾ ಪ್ರದೇಶಕ್ಕೆ ಹೋಯಿತು, ಪ್ರಶ್ನೆ ಮಾತ್ರ ಉಳಿಯಿತು. ನನಗೋ ಉತ್ತರಕ್ಕಿಂತ ಕೇಳುವ ಚಟ ಜಾಸ್ತಿ. ಇಂಟರ್ನೆಟ್ ಬಂದ ಮೇಲೆ ಈ ತುಪ್ಪದ ಗಿಂಡಿ ಹಿಡಿದುಕೊಂಡು ನಾನು ಹತ್ತದ ಜಗಲಿಯಿಲ್ಲ.

ಯಾಹೂ ಆನ್ಸರ್ಸ್ 2005ರಲ್ಲಿ ಶುರುವಾಯಿತಲ್ಲ, ಅಲ್ಲಿ ಸೇರಿದ ಕೂಡಲೇ 100 ಅಂಕ ಕೊಡುತ್ತಿದ್ದರು. ಪ್ರಶ್ನೆ ಕೇಳಿದರೆ 5 ಅಂಕ ಮುರಿದುಕೊಳ್ಳುತ್ತಿದ್ದರು. ಉತ್ತರ ಹೇಳಿದವರಿಗೆ 2, ಅದೇ ಅತ್ಯುತ್ತಮ ಎನಿಸಿಕೊಂಡರೆ 10. ಕೇಳುವವನಿಗೆ ದಂಡ, ಹೇಳುವವನಿಗೆ ಬಹುಮಾನ! 'ನನಗೂ ಗೊತ್ತಿಲ್ಲ' ಎಂದು ಬರೆದರೂ 2 ಅಂಕ ಗ್ಯಾರಂಟಿ. ಹಾಗಾಗಿ ಗೊತ್ತಿಲ್ಲದವರೇ ಮೊದಲು ಓಡಿ ಬರುತ್ತಿದ್ದರು.

ಅದಕ್ಕೆ ಎಷ್ಟೋ ಮುಂಚೆ 'ಸುಧಾ'ದಲ್ಲಿ ಬೀchiಯವರ 'ನೀವು ಕೇಳಿದಿರಿ?' ಇತ್ತು. ಕೇಳುವವರು ಇಡೀ ಕರ್ನಾಟಕ, ಹೇಳುವವರು ಒಬ್ಬರೇ. ಉತ್ತರ ಸರಿಯೇ ತಪ್ಪೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ನಕ್ಕು ಪುಟ ತಿರುಗಿಸಿದರು. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೂ ಹುಟ್ಟಿಲ್ಲ.

ಕೋರಾದ ದಾರಿ ಬೇರೆ. ಫೇಸ್‌ಬುಕ್ಕಿನಲ್ಲಿದ್ದ ಆಡಮ್ ಡಿ'ಏಂಜೆಲೊ, ಚಾರ್ಲಿ ಚೀವರ್ 2009ರಲ್ಲಿ ಕಟ್ಟಿದ ಈ ಮನೆಯಲ್ಲಿ ಉತ್ತರಕ್ಕಿಂತ ಮೊದಲು ಉತ್ತರಿಸುವವನ ಬಿರುದು ಕಾಣಬೇಕು: ಇಂಥಲ್ಲಿ ಓದಿದವರು, ಇಂಥ ಊರಲ್ಲಿದ್ದವರು. ಈಗ ಕನ್ನಡದಲ್ಲೂ ಇದೆ. ತುಪ್ಪದ ವಿಷಯ ಎತ್ತಿದರೆ ಉತ್ತರ ಅಜ್ಜಿಯ ಊರಿನಿಂದ ಹೊರಟು, ಹಾಸ್ಟೆಲ್ ದಿನಗಳನ್ನು ಸುತ್ತಿ, ಮಗಳ ಮದುವೆ ಮುಗಿಸಿ ಬೆಟ್ಟದ ಬುಡ ತಲುಪುವಷ್ಟರಲ್ಲಿ ಫೋನಿನ ಚಾರ್ಜು ಮುಗಿದಿರುತ್ತದೆ. 2018ರಿಂದ ಕೆಲವು ವರ್ಷ ಪ್ರಶ್ನೆ ಕೇಳಿದವರಿಗೇ ದುಡ್ಡು ಕೊಡುವ ಯೋಜನೆಯೂ ಅಲ್ಲಿತ್ತು. ದುಡ್ಡು ಬರುತ್ತದೆಂದರೆ ಶಿವಗಂಗೆಯಲ್ಲಿ ತುಪ್ಪ ಬೆಣ್ಣೆಯಾದರೆ ನಂದಿಬೆಟ್ಟದಲ್ಲಿ ಏನಾಗುತ್ತದೆ ಎಂದು ನಾನೂ ಕೇಳಿಯೇನು.

ಇವರೆಲ್ಲರ ಪೈಕಿ ಗರ್ಭಗುಡಿಯ ಮಡಿಯಿರುವುದು ಸ್ಟ್ಯಾಕ್ ಎಕ್ಸ್‌ಚೇಂಜ್ ಬಳಗದಲ್ಲಿ. ಜೆಫ್ ಆಟ್‌ವುಡ್ ಮತ್ತು ಜೋಯಲ್ ಸ್ಪಾಲ್‌ಸ್ಕಿ 2008ರಲ್ಲಿ ತೆರೆದ ಸ್ಟ್ಯಾಕ್ ಓವರ್‌ಫ್ಲೋನಿಂದ ಬೆಳೆದ ಕುಟುಂಬ ಅದು. ಭೌತಶಾಸ್ತ್ರಕ್ಕೂ ಒಂದು ಅಂಗಳವಿದೆ. ಅಲ್ಲಿ ನಮಸ್ಕಾರ, ಧನ್ಯವಾದ ಬರೆಯಕೂಡದು, ಬರೆದರೆ ಬೇರೆಯವರು ಕತ್ತರಿಸಿ ಹಾಕಬಹುದು. ನಾನಾದರೋ ಮಿಡ್ಲ್ ಸ್ಕೂಲಿನ ಪತ್ರಲೇಖನದಲ್ಲಿ ಪೂರ್ತಿ ಅಂಕ ತೆಗೆದವನು. ಕ್ಷೇಮಸಮಾಚಾರವಿಲ್ಲದೆ ಕೈ ಓಡುವುದಿಲ್ಲ. ಎರಡು ಪುಟ ಬರೆದು, ಅವರು ಕತ್ತರಿಸುವ ಮೊದಲೇ ಮರ್ಯಾದೆಯಾಗಿ ನಾನೇ ಕತ್ತರಿ ಹಿಡಿದು ಕೂತೆ.

ಮೊದಲು ನಮಸ್ಕಾರ ಹೋಯಿತು. 'ತಾವೆಲ್ಲ ಕ್ಷೇಮವೆಂದು ಭಾವಿಸುತ್ತೇನೆ' ಹೋಯಿತು. ಕಣ್ಣಾರೆ ಕಂಡ ನಮ್ಮಜ್ಜಿಯಿದ್ದಳು. ಸಾಕ್ಷ್ಯವಲ್ಲ ಎಂದಾರೆಂದು ಅಜ್ಜಿಯೂ ಹೋದಳು. ಒಳಕಲ್ಲು ತೀರ್ಥ ಹೋಯಿತು, ಅಲ್ಲಿ ಕೈಗೆ ನೀರು ಸಿಕ್ಕಿದರೆ ಪುಣ್ಯವಂತರು ಎಂಬ ವಾಕ್ಯವನ್ನು ಸಂಕಟದಿಂದಲೇ ಹೊಡೆದು ಹಾಕಿದೆ. ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ಬೆಟ್ಟದಿಂದ ಇಳಿಸಿದೆ. ಕಡೆಗೆ ಶಿವನ ಸರದಿ. ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, "ದೇವರನ್ನೂ ತೆಗೀತೀರಾ?" ಎಂದಳು. "ತೆಗೆದಿಲ್ಲ, 'ಸಿಲಿಂಡರಿನಾಕಾರದ ಕಲ್ಲು' ಅಂತ ಮಾಡಿದೀನಿ" ಎಂದೆ. ಗಲ್ಲಕ್ಕೆ ಬಡಿದುಕೊಂಡು ಒಳಗೆ ಹೋದಳು. ಉಳಿದದ್ದು ಇಷ್ಟು: ತುಪ್ಪ, ನೀರು, ತಣ್ಣನೆಯ ಕಲ್ಲು, ಉಜ್ಜುವ ಕೈ.

ನೀವೇ ಏನು ಪ್ರಯತ್ನ ಮಾಡಿ ನೋಡಿದಿರಿ ಎಂಬುದನ್ನೂ ಹೇಳಬೇಕು ಅಲ್ಲಿ. ಸರಿ, ರುಬ್ಬುವ ಗುಂಡನ್ನು ತೊಳೆದು, ತುಪ್ಪ ಸವರಿ, ತಣ್ಣೀರು ಚಿಮುಕಿಸಿ ಉಜ್ಜಿದೆ. "ನಂದಿನಿ ತುಪ್ಪದ ರೇಟು ಗೊತ್ತಾ ನಿಮಗೆ?" ಎಂಬ ಉಪಪ್ರಶ್ನೆ ಅಡುಗೆಮನೆಯಿಂದ ಬಂತು. ಉಜ್ಜುತ್ತ ಉಜ್ಜುತ್ತ ತುಪ್ಪ ನೀರು ಹಿಡಿದುಕೊಂಡು ಬೆಳ್ಳಗೆ, ಮೆತ್ತಗಾಯಿತು. ಆಯುರ್ವೇದದವರು ತುಪ್ಪವನ್ನು ನೂರು ಸಲ ನೀರಿನಲ್ಲಿ ತೊಳೆದು ಮಾಡುವ ಶತಧೌತ ಘೃತವೂ ಹೀಗೇ ಬೆಳ್ಳಗಿರುತ್ತದೆ. ಪ್ರಶ್ನೆ ಹಾಕುವ ಮೊದಲೇ ಉತ್ತರ ಕೈಗೆ ಮೆತ್ತಿಕೊಂಡಿತ್ತು! ಬಾಯಿ ತುಂಬ ಮಾತಾಡಿಸಿದವರಿಂದ ಆಗದ ಕೆಲಸ, ನಮಸ್ಕಾರವನ್ನೂ ಒಪ್ಪದವರ ದೆಸೆಯಿಂದ ಆಯಿತು.

ಖುಷಿಗೆ ನಮ್ಮೂರಿನ ವಾಟ್ಸಾಪ್ ಗುಂಪಿಗೂ ಹಾಕಿದೆ. ಮೂರು ಜೋಡಿ ಮುಗಿದ ಕೈ, ಒಂದು ಗುಲಾಬಿ, ದಾಬಸ್‌ಪೇಟೆಯಲ್ಲಿ ಸೈಟು ಮಾರಾಟಕ್ಕಿದೆ ಎಂಬ ಸಂದೇಶ, ಆಮೇಲೆ "ನೀನು ಯಾವ ಪಾರ್ಟಿ?" ಅಲ್ಲಿ ಪ್ರಶ್ನೆ ಕೇಳಿದವನೇ ಪ್ರಶ್ನೆಯಾಗುತ್ತಾನೆ. ಇವರ ಕಾಟಕ್ಕೇ ಜನ ಯಂತ್ರವನ್ನು ಕೇಳತೊಡಗಿರುವುದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದದ್ದೇ ತಡ, ಅದರಿಂದ ಬರೆಸಿದ ಉತ್ತರ ಇಲ್ಲಿ ಬೇಡ ಎಂದು ಸ್ಟ್ಯಾಕ್ ಓವರ್‌ಫ್ಲೋ ಮರುತಿಂಗಳೇ ನಿಷೇಧ ಹಾಕಿತು. ಪಾಪ, ಜನ ಪ್ರಶ್ನೆಗಳನ್ನೇ ಅತ್ತ ಒಯ್ದರು.

ಯಾಹೂ ಆನ್ಸರ್ಸ್ 2021ರ ಮೇ 4ರಂದು ಮುಚ್ಚಿತು. ಅಲ್ಲಿ ನನ್ನಂಥವರ ತುಪ್ಪ ಮಾತ್ರ ಇರಲಿಲ್ಲ. ಮನೆಯಲ್ಲಿ ಕೇಳಲಾಗದ್ದನ್ನು ಸುಳ್ಳು ಹೆಸರಿನಲ್ಲಿ ನಡುರಾತ್ರಿ ಕೇಳಿದ ಹುಡುಗಿಯರಿದ್ದರು, ಪರಿಚಯವೇ ಇಲ್ಲದ ಯಾರೋ 2 ಅಂಕದ ಆಸೆಗೋ ಕರುಣೆಗೋ ಸಮಾಧಾನ ಹೇಳಿದ್ದರು. ಹದಿನಾರು ವರ್ಷದ ಆ ಮಾತುಕತೆಯನ್ನು ಬೀಗ ಹಾಕಿ ಅಳಿಸಿದರು. ಇಂಥ ಅಂಗಡಿಗಳನ್ನು ಮುಚ್ಚುವವರು ನಮ್ಮನ್ನು ಕೇಳಿ ಮುಚ್ಚುವುದಿಲ್ಲ. ಆದ್ದರಿಂದ ಎಲ್ಲಿ ಏನೇ ಕೇಳಿ, ಒಳ್ಳೆಯ ಉತ್ತರ ಬಂದರೆ ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಟ್ಟುಕೊಳ್ಳಿ.