ಮಿಸ್ಸು ಆನ್‌ಲೈನಲ್ಲಿದ್ದಾರೆ

ಪಕ್ಕದ ಮನೆಯ ಟೀಚರಿಗೂ ನನಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಅತ್ತ ಅರಳಿದ ಹೂವು ಅವರ ದೇವರಿಗೆ, ಇತ್ತ ಅರಳಿದ್ದು ನಮ್ಮ ದೇವರಿಗೆ. ಮಾತಿಗೆ ಮಾತ್ರ ಅಂಥ ಸರಹದ್ದಿಲ್ಲ. ಸಂಜೆ ಒಣಗಿದ ಬಟ್ಟೆ ಎತ್ತುವ ಹೊತ್ತಿಗೆ ಶುರುವಾಯಿತೆಂದರೆ ಒಳಗೆ ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ಇಬ್ಬರಿಗೂ ತಪ್ಪುತ್ತದೆ. ಈಚೀಚೆಗೆ ನಮ್ಮಿಬ್ಬರ ನಡುವೆ ಮೂರನೆಯದೊಂದು ಬಾಯಿ ಹಾಕತೊಡಗಿದೆ. ಅದು ಟೀಚರ ಫೋನು. ನಾದಿನಿ ಮಗಳ ಮದುವೆ ಮಾತುಕತೆ ಮುರಿದುಬಿದ್ದ ಕತೆಯನ್ನು ನಾನು ಒಳ್ಳೇ ಸ್ವಾರಸ್ಯದ ಘಟ್ಟಕ್ಕೆ ತಂದಿರುತ್ತೇನೆ, ಅಷ್ಟರಲ್ಲಿ ಅದು ಟಿಣ್ ಅನ್ನುತ್ತದೆ.

"ಅಕ್ಕಾ, ಒಂದ್ನಿಮಿಷ. ಬಾಳೆಹಣ್ಣು ಅಪ್‌ಲೋಡ್ ಆಗಿಲ್ವಂತೆ."

ಮೊದಲ ಸಲ ಕೇಳಿದಾಗ ಬಿಸಿಲು ತಲೆಗೇರಿರಬೇಕು ಎಂದುಕೊಂಡೆ. ಆಮೇಲೆ ಅವರೇ ಬಿಡಿಸಿ ಹೇಳಿದರು. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೊಟ್ಟದ್ದಕ್ಕೆ ಸಾಕ್ಷಿ ಬೇಡವೇ? ಫೋಟೋ ತೆಗೆಯಬೇಕು. ಅದರ ಕೆಳಗೆ ಊರು, ತಾರೀಖು, ಗಂಟೆ, ಅಕ್ಷಾಂಶ, ರೇಖಾಂಶ ಎಲ್ಲ ಮೂಡಬೇಕು. ಹಳ್ಳಿಯಲ್ಲಿ ಅಕ್ಷಾಂಶ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಅದು ಸಿಗುವತನಕ ಮಕ್ಕಳು ಸಾಲಾಗಿ ಹಣ್ಣು ಹಿಡಿದು ನಿಂತಿರಬೇಕು. "ಒಂದನೇ ಕ್ಲಾಸಿನ ಹುಡುಗ ಕಾದೂ ಕಾದೂ ಅರ್ಧ ತಿಂದ್ಬಿಟ್ಟಿದ್ದ ಅಕ್ಕ. ಫೋಟೋದಲ್ಲಿ ಅವನ ಕೈಲಿ ಅರ್ಧ ಹಣ್ಣೇ ಇರೋದು. ಇನ್ನರ್ಧ ಎಲ್ಲಿ ಅಂತ ಮೇಲಿನವರು ಕೇಳಿದ್ರೆ ಏನ್ ಹೇಳ್ಲಿ?"

ತರಗತಿಯಲ್ಲಿ ತಂತ್ರಜ್ಞಾನ ಎಂದು ಪೇಪರಿನಲ್ಲಿ ಓದಿದಾಗಲೆಲ್ಲ ನಾನು ಕಲ್ಪಿಸಿಕೊಳ್ಳುತ್ತಿದ್ದುದು ಹೊಳೆಯುವ ಹಲಗೆ, ಅದರ ಮೇಲೆ ಸುತ್ತುವ ಗ್ರಹಗಳು, ಕಣ್ಣರಳಿಸಿ ಕೂತ ಮಕ್ಕಳು. ಬೇಲಿಯಾಚೆಯಿಂದ ಬರುವ ವರದಿಯೇ ಬೇರೆ. ಸ್ಯಾಟ್ಸ್ ಎಂಬ ಜಾಲತಾಣದಲ್ಲಿ ಮಕ್ಕಳ ವಿವರ ತುಂಬಬೇಕು, ಯು-ಡೈಸ್ ಎಂಬ ಇನ್ನೊಂದರಲ್ಲಿ ಅದನ್ನೇ ಇನ್ನೊಂದು ಸಲ ತುಂಬಬೇಕು, ಮಕ್ಕಳಿಗೆ ಅಪಾರ್ ಎಂಬ ಗುರುತಿನ ಸಂಖ್ಯೆ ಮಾಡಿಸಬೇಕು. ಆಧಾರ್ ಕಾರ್ಡಿನಲ್ಲಿ ಹುಡುಗ ಮಂಜುನಾಥ, ದಾಖಲಾತಿ ಪುಸ್ತಕದಲ್ಲಿ ಮಂಜುನಾಥ್, ಅವರಮ್ಮನ ಬಾಯಲ್ಲಿ ಮಂಜ. ಕಂಪ್ಯೂಟರಿಗೆ ಇವರು ಮೂರು ಜನ. ಮೂವರನ್ನೂ ಒಬ್ಬನನ್ನಾಗಿ ಮಾಡುವುದರಲ್ಲಿ ಟೀಚರ ಒಂದು ಶನಿವಾರ ಹೋಗುತ್ತದೆ. 2025ರ ದಸರೆಯಲ್ಲಂತೂ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು 60 ಪ್ರಶ್ನೆಗಳ ಆ್ಯಪ್ ಹಿಡಿದು ಮನೆಮನೆ ತಿರುಗಿದರು. ಸಮೀಕ್ಷೆ ಮುಗಿಯಲಿಲ್ಲ ಎಂದು ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಮೇಷ್ಟರ ಕೈಗೆ ಆ್ಯಪ್ ಕೊಟ್ಟು ಪಾಠವನ್ನೇ ನಿಲ್ಲಿಸಿದ್ದು ಅಂದರೆ ಅದೇ ಇರಬೇಕು.

ಹಾಗಂತ ನಮ್ಮ ಟೀಚರು ಫೋನಿಗೆ ಶಾಪ ಹಾಕುವವರಲ್ಲ. ರಾತ್ರಿ ಊಟವಾದ ಮೇಲೆ ಬೇಲಿಯ ಈಶಾನ್ಯ ಮೂಲೆಗೆ ಬಂದು ನಿಲ್ಲುತ್ತಾರೆ. ನಮ್ಮ ಮನೆಯ ವೈಫೈ ಅಲ್ಲಿಯವರೆಗೆ ಬರುತ್ತದೆ. ಪಾಸ್‌ವರ್ಡು ನನ್ನ ಯಜಮಾನರಿಗೆ ಮರೆತಿದೆ, ಟೀಚರಿಗೆ ನೆನಪಿದೆ. ಪಠ್ಯಪುಸ್ತಕದಲ್ಲಿ ಪಾಠದ ಪಕ್ಕ ಕಪ್ಪುಬಿಳಿ ಚೌಕ ಇರುತ್ತದಲ್ಲ, ಅದಕ್ಕೆ ಫೋನು ಹಿಡಿದರೆ ದೀಕ್ಷಾ ಆ್ಯಪಿನಲ್ಲಿ ಆ ಪಾಠದ ವಿಡಿಯೋ ತೆರೆದುಕೊಳ್ಳುತ್ತದೆ. ದೀಕ್ಷಾ ಬಂದದ್ದು 2017ರಲ್ಲಿ. ಶಾಲೆಯಲ್ಲಿ ನೆಟ್‌ವರ್ಕು ಸಿಗುವುದು ಧ್ವಜಸ್ತಂಭದ ಕಟ್ಟೆಯ ಮೇಲೆ ಮಾತ್ರ. ಮಕ್ಕಳನ್ನೆಲ್ಲ ಅಲ್ಲಿ ಹತ್ತಿಸಲಾಗುತ್ತದೆಯೇ? ಅದಕ್ಕೇ ಬೇಕಾದ್ದನ್ನು ಹಿಂದಿನ ರಾತ್ರಿಯೇ ಇಳಿಸಿಕೊಂಡು, ದಾನಿಗಳು ಕೊಟ್ಟ ಟೀವಿಗೆ ಹಾಕಿ ತೋರಿಸುತ್ತಾರೆ. ಅದೂ ಇಡೀ ವಿಡಿಯೋ ಅಲ್ಲ. "ಹತ್ತು ನಿಮಿಷದ್ದು ಹಾಕಿದ್ರೆ ಹಿಂದಿನ ಬೆಂಚು ಮಲಗುತ್ತೆ. ಒಂದೂವರೆ ನಿಮಿಷಕ್ಕೆ ನಿಲ್ಲಿಸಿ, ಮುಂದೆ ಏನಾಗುತ್ತೆ ಹೇಳಿ ನೋಡೋಣ ಅಂತೀನಿ."

ಏಳನೇ ಕ್ಲಾಸಿಗೆ ತ್ರಿಕೋನ ಹೇಳಿಕೊಟ್ಟ ಕತೆಯನ್ನು ಮಾತ್ರ ನಾನು ಇವರಿಂದ ಎರಡು ಸಲ ಹೇಳಿಸಿದ್ದೇನೆ. ಜಿಯೋಜೀಬ್ರಾ ಅಂತ ಒಂದು ತಂತ್ರಾಂಶ. 2001ರಲ್ಲಿ ಆಸ್ಟ್ರಿಯದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕೆಂದು ಶುರು ಮಾಡಿದ್ದು, ಶಾಲೆಗಳಿಗೆ ಪುಕ್ಕಟೆ. ತೆರೆಯ ಮೇಲೆ ತ್ರಿಕೋನ ಬರೆದು ಒಂದು ಮೂಲೆ ಹಿಡಿದೆಳೆದರೆ ಮೂರು ಕೋನಗಳ ಅಳತೆಯೂ ಬದಲಾಗುತ್ತಾ ಹೋಗುತ್ತದೆ, ಕೆಳಗಿನ ಮೊತ್ತ ಮಾತ್ರ 180ರಿಂದ ಅಲ್ಲಾಡುವುದಿಲ್ಲ. ಹಲಗೆಯ ಮೇಲೆ ಬರೆದಾಗ ಹೂಂ ಅಂದು ಸುಮ್ಮನಾಗುವ ಹುಡುಗನೊಬ್ಬನಿಗೆ ಇದು ಮೋಸ ಅನ್ನಿಸಿದೆ. ಎದ್ದು ಬಂದವನೇ ಮೌಸ್ ಕಿತ್ತುಕೊಂಡು ಎಳೆದ. 170 ಆಗಲಿ ಎಂದು ಎಳೆದ, 200 ಆಗಲಿ ಎಂದು ಎಳೆದ. ತ್ರಿಕೋನ ಚಪ್ಪಟೆಯಾಗಿ ಗೆರೆಯೇ ಆಗಿಹೋಗುವ ಹಂತಕ್ಕೆ ಬಂತು, ಒಂದು ಕೋನ 178, ಉಳಿದೆರಡು ಒಂದೊಂದು. ಕ್ಲಾಸೆಲ್ಲ ಕೂಡಿಸಿ ಕೂಗಿತು. ಹುಡುಗ ಬೆವರು ಒರೆಸಿಕೊಂಡು, "ಮಿಸ್, ಇದನ್ನ ಯಾರೂ ಸೋಲ್ಸಕ್ಕಾಗಲ್ವಾ?" ಎಂದು ಕೇಳಿದನಂತೆ. ಗಣಿತದಲ್ಲಿ ಸಾಧನೆ ಅನ್ನುವುದು ಆ ಪ್ರಶ್ನೆಯಿಂದಲೇ ತಾನೆ ಶುರುವಾಗುವುದು? ನಮ್ಮ ಕಾಲದಲ್ಲಿ ಹಾಗೆ ಕೇಳಿದ್ದರೆ ಬೆತ್ತ ಉತ್ತರ ಹೇಳುತ್ತಿತ್ತು.

ಇನ್ನೊಂದು ಕೆಲಸವನ್ನು ಇವರು ವಾಟ್ಸ್‌ಆ್ಯಪಿನಿಂದ ಮಾಡಿಸುತ್ತಾರೆ. ಐದನೇ ಕ್ಲಾಸಿನಲ್ಲಿ ಮೂವತ್ತು ಚಿಲ್ಲರೆ ಮಕ್ಕಳು. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಒಬ್ಬೊಬ್ಬರಿಂದಲೂ ಗಟ್ಟಿಯಾಗಿ ಓದಿಸಿದರೆ ತಲೆಗೊಂದು ನಿಮಿಷ ಬಂದರೆ ಹೆಚ್ಚು. ಹಾಗಾಗಿ ದಿನಕ್ಕೆ ಐದಾರು ಮಕ್ಕಳು ಸಂಜೆ ಮನೆಯವರ ಫೋನಿನಲ್ಲಿ ಒಂದು ಪ್ಯಾರಾ ಓದಿ ಕಳಿಸಬೇಕು. ಬೇಲಿಯ ಹತ್ತಿರ ನಿಂತು ಒಂದೆರಡನ್ನು ನನಗೂ ಕೇಳಿಸಿದ್ದಾರೆ. ಹಿಂದೆ ಧಾರಾವಾಹಿಯ ಶೀರ್ಷಿಕೆ ಗೀತೆ, ಮೇಕೆ ಕೂಗು, "ಗ್ಯಾಸ್ ಆಫ್ ಮಾಡೇ" ಎಂಬ ಆಜ್ಞೆ. ಇವುಗಳ ನಡುವೆ ಒಂದು ಪುಟ್ಟ ಗಂಟಲು ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾ, ಎದ್ದು ನಡೆಯುತ್ತದೆ. ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗಿಯೊಬ್ಬಳು ಇದರಲ್ಲಿ ಪಾಠವನ್ನು ಪೂರ್ತಿ ಓದಿ, ಕೇಳದಿದ್ದರೂ ಮುಂದಿನ ಪದ್ಯವನ್ನೂ ಸೇರಿಸಿ ಕಳಿಸಿದ್ದಾಳೆ. ಇನ್ನೊಬ್ಬ ಹುಡುಗ ತಡೆಯಿಲ್ಲದೆ ಓದುತ್ತಿದ್ದ. ನಾನು ಭೇಷ್ ಅಂದೆ. ಟೀಚರಿಗೆ ಮಾತ್ರ ಗುಮಾನಿ. "ಇವ್ನು ಬಾಯಿಪಾಠ ಒಪ್ಪಿಸ್ತಿದ್ದಾನೆ ಅಕ್ಕ, ಓದ್ತಿಲ್ಲ" ಅಂದವರೇ, ಕೊನೆಯ ಸಾಲಿನಿಂದ ಮೇಲಕ್ಕೆ ಓದಿ ಕಳಿಸು ಎಂದು ಅವನಿಗೆ ಹೇಳಿ ಕಳಿಸಿದರು. ಆಮೇಲೆ ಬಂದದ್ದು ಬರೀ ಮೇಕೆಯ ಕೂಗು. ಹುಡುಗ ನಿಂತುಬಿಟ್ಟಿದ್ದ. ಅವನಿಗೆ ಅಕ್ಷರದಿಂದ ಮತ್ತೆ ಶುರುಮಾಡಬೇಕು ಎಂದು ಆವತ್ತು ಗೊತ್ತಾಯಿತು.

ಇದನ್ನು ಮಾಡಿ ಎಂದು ಯಾವ ಸುತ್ತೋಲೆಯೂ ಹೇಳಿಲ್ಲ. ಯಾವ ನಮೂನೆಯಲ್ಲೂ ಇದಕ್ಕೊಂದು ಕಾಲಂ ಇಲ್ಲ. ಬಾಳೆಹಣ್ಣಿಗಿದೆ.

ಫೋನಿನಲ್ಲಿ ಓದಿಸಿ ಕೇಳುವ ಈ ಅಭ್ಯಾಸ ಹತ್ತಿದ್ದು ಕೊರೊನಾ ಕಾಲದಲ್ಲಂತೆ. ಆಗ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬರುತ್ತಿದ್ದವು, 2020ರ ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಮೇಷ್ಟರುಗಳು ಗುಡಿಯ ಜಗಲಿ, ಮರದ ನೆರಳು ಹುಡುಕಿಕೊಂಡು ಹೋಗಿ ಪಾಠ ಮಾಡಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದನ್ನೂ ನಿಲ್ಲಿಸಿ, ಜನವರಿಯಲ್ಲಿ ಮತ್ತೆ ಶುರು ಮಾಡಿದರು. ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಫೋಟೋ ನಿಮಗೂ ನೆನಪಿರಬಹುದು, 2021ರ ಜೂನಿನದು. ಎಲ್ಲರೂ ಅಪ್ಪನನ್ನು ಹೊಗಳಿದರು. ಹೊಗಳಬೇಕಾದ್ದೇ. ಟವರ್ ಯಾಕಿಲ್ಲ ಎಂದು ಕೇಳಿದವರು ಕಡಿಮೆ.

ನಮ್ಮ ಮಾತು ಇಷ್ಟು ಬೆಳೆಯುವ ಹೊತ್ತಿಗೆ ಟೀಚರ ಮಾವ, ನಿವೃತ್ತ ಮೇಷ್ಟ್ರು, ತಿಂಡಿ ತಟ್ಟೆ ಹಿಡಿದು ಹೊರಗೆ ಬರುತ್ತಾರೆ. "ಏನಮ್ಮಾ, ಮತ್ತೆ ಹೈಟೆಕ್ಕಾ?" ಅವರು ಚಾಮರಾಜನಗರ ಜಿಲ್ಲೆಯಲ್ಲಿ ಕೆಲಸ ಮಾಡಿದವರು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶ್ರೀಹರಿಕೋಟದಿಂದ ಎಜುಸ್ಯಾಟ್ ಹಾರಿಸಿತು, ಪಾಠಕ್ಕೆಂದೇ ಒಂದು ಉಪಗ್ರಹ. ಅದರ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ಆ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ. ಮೇಷ್ಟರ ಶಾಲೆಯ ತಾರಸಿಗೂ ಮದುವೆಮನೆ ಬಾಣಲೆಯಂಥ ಡಿಶ್ ಬಂತು. "ಪಾಠ ಚೆನ್ನಾಗೇ ಬರ್ತಿತ್ತಮ್ಮ. ಬೆಂಗಳೂರಿನ ಮೇಡಂ ಪರಾಗಸ್ಪರ್ಶ ಹೇಳಿಕೊಡೋರು, ನಮ್ಮ ಹುಡುಗ್ರು ಬಾಯ್ಬಿಟ್ಕೊಂಡು ನೋಡೋರು. ಒಂದಿನ ಕೋತಿ ಬಂದು ಡಿಶ್ ಮೇಲೆ ಕೂತು ಜೋಕಾಲಿ ಆಡ್ತು. ಪರಾಗ ಅಲ್ಲೇ ನಿಂತೋಯ್ತು." ತಾರಸಿ ಹತ್ತಿ ಅದನ್ನು ಮತ್ತೆ ಆಕಾಶದ ಸರಿಯಾದ ಮೂಲೆಗೆ ತಿರುಗಿಸಲು ಯಾರಿಗೂ ಬರುತ್ತಿರಲಿಲ್ಲ. ರಿಪೇರಿಯವನು ಬರುವತನಕ ಮೇಷ್ಟ್ರು ಶಾಲೆ ಹಿಂದಿನ ಕುಂಬಳ ಬಳ್ಳಿಯ ಹತ್ತಿರ ಮಕ್ಕಳನ್ನು ಕರೆದೊಯ್ದು, ಗಂಡು ಹೂವಿನ ಪುಡಿ ತೆಗೆದು ಹೆಣ್ಣು ಹೂವಿಗೆ ಸವರಿಸಿ ಪಾಠ ಮುಗಿಸಿದರಂತೆ. ಉಪಗ್ರಹ ನಿವೃತ್ತಿಯಾದದ್ದು 2010ರಲ್ಲಿ. ಮೇಷ್ಟ್ರು ಆಮೇಲೂ ಬಹಳ ವರ್ಷ ಪಾಠ ಮಾಡಿದರು.

ಅದಕ್ಕೂ ಮೊದಲು, 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೀವಿ ಪಾಠ ಕಳಿಸಿದ್ದರು. ಸೈಟ್ ಎಂದು ಅದರ ಹೆಸರು, ನಮ್ಮ ಕಡೆ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಮೇಷ್ಟರ ಪ್ರಕಾರ ಪ್ರತಿ ತಲೆಮಾರಿಗೂ ಒಂದು ಡಬ್ಬ ಬರುತ್ತದೆ. ಬಂದ ದಿನ ತೆಂಗಿನಕಾಯಿ ಒಡೆಯುತ್ತಾರೆ, ಗಣ್ಯರು ಭಾಷಣ ಮಾಡುತ್ತಾರೆ, ಆಮೇಲೆ ಅದು ಮುಖ್ಯೋಪಾಧ್ಯಾಯರ ಕೋಣೆ ಸೇರುತ್ತದೆ. ಇವರಿದ್ದ ಒಂದು ಶಾಲೆಯಲ್ಲಿ ಕಂಪ್ಯೂಟರಿಗೆ ಹೂವಿನ ಕಸೂತಿ ಹಾಕಿದ ಮುಸುಕು ಹೊಲಿಸಿದ್ದರು. ತೆಗೆಯುತ್ತಿದ್ದದ್ದು ಆಯುಧಪೂಜೆಯ ದಿನ, ಕುಂಕುಮ ಹಚ್ಚಲು. ಹಾಳು ಮಾಡಿದರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯ ಒಂದು, ಕರೆಂಟ್ ಬಿಲ್ ಯಾರು ಕಟ್ಟುವುದೆಂಬ ಚಿಂತೆ ಇನ್ನೊಂದು. ಬಿಲ್ಲಿನ ಚಿಂತೆಯಾದರೂ ಈಗಿಲ್ಲ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು ಮುಖ್ಯಮಂತ್ರಿಗಳು ಘೋಷಿಸಿದರು.

"ಆದ್ರೆ ಮೇಷ್ಟ್ರೇ, ಒಂದು ಯಂತ್ರವಂತೂ ಕೆಲಸ ಮಾಡಿದೆ ನೋಡಿ" ಎಂದು ನಾನು ಕ್ಯಾಮೆರಾದ ಮಾತೆತ್ತಿದೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಮೇಷ್ಟ್ರು ತಟ್ಟೆ ಕೆಳಗಿಟ್ಟರು. "ಕ್ಯಾಮೆರಾ ಕಾಪಿ ಹಿಡೀತು, ಸರಿ. ಕಾಪಿ ಹೊಡೆಯೋ ಗತಿ ಯಾಕ್ ಬಂತು ಅಂತ ಹಿಡೀತಾ? ಐದನೇ ಕ್ಲಾಸಲ್ಲಿ ಓದಕ್ಕೆ ಬರದೇ ಇದ್ದೋನು ಹತ್ತಕ್ಕೆ ಬಂದು ಕೂತಿದ್ದಾನೆ." ಟೀಚರು ಏನೂ ಅನ್ನಲಿಲ್ಲ. ಅವರಿಗೆ ಆ ಮೇಕೆಯ ಕೂಗು ನೆನಪಾಗಿರಬೇಕು.

ಈಗ ಚಾಟ್‌ಜಿಪಿಟಿ ಬಂದಿದೆ. ಪಾಠಯೋಜನೆಯನ್ನು ಅದು ಅರೆಕ್ಷಣದಲ್ಲಿ ಬರೆದುಕೊಡುತ್ತದೆ. ಉದ್ದೇಶ, ಚಟುವಟಿಕೆ, ಮೌಲ್ಯಮಾಪನ, ಎಲ್ಲ ಅಚ್ಚುಕಟ್ಟು. ಟೀಚರ ಸಹೋದ್ಯೋಗಿಯೊಬ್ಬರು ವರ್ಷದ್ದನ್ನೆಲ್ಲ ಅದರಿಂದಲೇ ಬರೆಸಿ ಫೈಲು ಮಾಡಿದ್ದಾರೆ. ತಪಾಸಣೆಗೆ ಬಂದವರು ಅಂದವಾಗಿದೆ ಎಂದು ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ಮನುಷ್ಯರು ಬರೆಯಲಿಲ್ಲ, ಮನುಷ್ಯರು ಓದಲೂ ಇಲ್ಲ, ಸಹಿ ಮಾತ್ರ ಮನುಷ್ಯರದು. ನನಗೇನೂ ಇದರಲ್ಲಿ ತಪ್ಪು ಕಾಣುವುದಿಲ್ಲ. ಯಾರೂ ಓದದ ಕಾಗದವನ್ನು ಬರೆಯುವ ಕೆಲಸ ಯಂತ್ರಕ್ಕೇ ಹೋಗಲಿ. ಉಳಿದ ಹೊತ್ತಿನಲ್ಲಿ ಆ ಹುಡುಗನಿಗೆ ಒತ್ತಕ್ಷರ ಹೇಳಿಕೊಡಬಹುದು. ನಮ್ಮ ಟೀಚರಿಗಂತೂ ಬಾಯಲ್ಲಿ ಹೇಳಿ ಟೈಪ್ ಮಾಡಿಸುವುದೇ ಇನ್ನೂ ಸರಿಯಾಗಿ ಕೈಗೆ ಹತ್ತಿಲ್ಲ. ಮೊನ್ನೆ ಪ್ರಶ್ನೆಪತ್ರಿಕೆಗೆ "ಆಗಮಸಂಧಿ" ಎಂದರೆ ಫೋನು "ಆಗಮ ಸಂಡೇ" ಎಂದು ಬರೆದುಕೊಂಡಿತ್ತು. ಭಾನುವಾರವೂ ಬಿಡುವಿಲ್ಲದವರ ಫೋನು, ಅದಕ್ಕೆ ತಿಳಿದದ್ದನ್ನು ಅದು ಬರೆಯಿತು.

ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಮಗುವಿನ ಕ್ಲಾಸಿಗೂ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇರುತ್ತದೆ. ಅದಕ್ಕೆ ದಯವಿಟ್ಟು ಬೆಳಗಿನ ಗುಲಾಬಿ ಹೂವು, ರಾತ್ರಿಯ ಸುಭಾಷಿತ ಕಳಿಸಬೇಡಿ. ಹನ್ನೊಂದು ಗಂಟೆಗೆ "ಮಿಸ್, ನಾಳೆ ರಜಾನಾ?" ಎಂದು ಕೇಳಬೇಡಿ. ಕಳಿಸಲೇಬೇಕೆಂದಿದ್ದರೆ ನಿಮ್ಮ ಮಗ ಒಂದು ಪ್ಯಾರಾ ಓದಿದ್ದನ್ನು ಕಳಿಸಿ. ಟೀವಿ ಆರಿಸಿಯೇ ಕಳಿಸಬೇಕೆಂದೇನೂ ಇಲ್ಲ, ಅವರಿಗೆ ಅಭ್ಯಾಸವಾಗಿದೆ.