ಪ್ಲಗಿನ್ ಪ್ರತಿಷ್ಠಾಪನ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅದಕ್ಕೆ ಅಧಿಕಾರಿ ಯಾರು, ವಿಷಯವೇನು, ಸಂಬಂಧವೇನು, ಪ್ರಯೋಜನವೇನು ಎಂಬ ನಾಲ್ಕನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವರ್ಡ್‌ಪ್ರೆಸ್ ಜಾಲತಾಣಕ್ಕೆ ಪ್ಲಗಿನ್ ಹಾಕುವುದೇ ಇಲ್ಲಿನ ವಿಷಯ. ಅಡ್ಮಿನಿಸ್ಟ್ರೇಟರ್ ಪದವಿ ಪಡೆದವನೇ ಅಧಿಕಾರಿ. ಎಡಿಟರ್ ಪದವಿಯವರ ಕಣ್ಣಿಗೆ ಪ್ಲಗಿನ್ ಎಂಬ ಮೆನು ಬೀಳಲೇಬಾರದೆಂದು ಶಾಸ್ತ್ರಕಾರರು ವಿಧಿಸಿದ್ದಾರೆ. ನಮ್ಮ ಸಂಘ ಸಂಸ್ಥೆಗಳಲ್ಲಿ ಮಾತ್ರ ಈ ಪದವಿ ಅಧ್ಯಕ್ಷರಿಗೂ ಇಲ್ಲ, ಕಾರ್ಯದರ್ಶಿಗೂ ಇಲ್ಲ. ತಾಣ ಮಾಡಿಕೊಟ್ಟು ಈಗ ಫೋನ್ ಎತ್ತದ ಹುಡುಗನಲ್ಲೇ ಉಳಿದಿರುತ್ತದೆ. ಸಂಬಂಧವೆಂದರೆ, ಆ ಹುಡುಗ ಖಜಾಂಚಿಗಳ ಸೋದರಳಿಯ. ಪ್ರಯೋಜನದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಈ ಶಾಸ್ತ್ರದ ಕಾಲನಿರ್ಣಯದಲ್ಲಿ ಪಂಪನ ಹುಟ್ಟೂರಿನಂಥ ತಕರಾರುಗಳಿಲ್ಲ. ಬಿ2 ಎಂಬ ಹಳೆಯ ತಂತ್ರಾಂಶ ನೋಡಿಕೊಳ್ಳುವವರಿಲ್ಲದೆ ನಿಂತಾಗ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಕೈಗೆತ್ತಿಕೊಂಡು 2003ರ ಮೇ 27ರಂದು ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲಿ ಹೊರತಂದರು. ಮರುವರ್ಷ 1.2ನೇ ಆವೃತ್ತಿಯಲ್ಲಿ ಪ್ಲಗಿನ್ ವ್ಯವಸ್ಥೆ ಬಂತು. ಇಂದು ಅಧಿಕೃತ ಭಂಡಾರದಲ್ಲೇ 50,000ಕ್ಕೂ ಮಿಕ್ಕಿ ಉಚಿತ ಪ್ಲಗಿನ್‌ಗಳಿವೆ. ಇವುಗಳಲ್ಲಿ ಆದಿಪುರುಷನ ಸ್ಥಾನ 'ಹಲೋ ಡಾಲಿ'ಯದು. ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಹಾಡಿನ ಒಂದೊಂದು ಸಾಲನ್ನು ಆಡಳಿತ ಪುಟದ ಮೂಲೆಯಲ್ಲಿ ತೋರಿಸುವುದು ಬಿಟ್ಟರೆ ಅದು ಇನ್ನೇನೂ ಮಾಡುವುದಿಲ್ಲ. ನಿಷ್ಕಾಮ ಕರ್ಮಕ್ಕೆ ಇಷ್ಟು ಶುದ್ಧವಾದ ಉದಾಹರಣೆ ಗಣಕಲೋಕದಲ್ಲಿ ಮತ್ತೊಂದು ಸಿಗದು. ಎರಡು ದಶಕ ಕಾಲ ಅದು ಹೊಸ ತಾಣಗಳ ಜೊತೆ ತಾನಾಗಿ ಬಂದಿದೆ, ಬಂದ ದಿನವೇ ಅಳಿಸಿಕೊಂಡೂ ಇದೆ. ಯಾರಿಗೂ ತೊಂದರೆ ಕೊಡದ ಪ್ಲಗಿನ್ನನ್ನು ಎಲ್ಲರಿಗಿಂತ ಮೊದಲು ಹೊರಗೆ ಹಾಕುವುದು ನಮ್ಮ ಸಂಪ್ರದಾಯ.

ಒಂದು ಕಡತಕ್ಕೆ ಪ್ಲಗಿನ್‌ತ್ವ ಬರುವುದು ಹೇಗೆ? ಪಿಎಚ್‌ಪಿ ಕಡತದ ತಲೆಯಲ್ಲಿ ಕಾಮೆಂಟ್ ರೂಪದಲ್ಲಿ 'ಪ್ಲಗಿನ್ ನೇಮ್' ಎಂದು ಬರೆದು ಮುಂದೆ ಒಂದು ಹೆಸರು ಕೊಟ್ಟರೆ ಮುಗಿಯಿತು. ಕಾಮೆಂಟ್ ಎಂದರೆ ಪಿಎಚ್‌ಪಿ ಕಣ್ಣೆತ್ತಿಯೂ ನೋಡದೆ ದಾಟಿಹೋಗುವ ಭಾಗ. ಮೀಮಾಂಸಕರ ಭಾಷೆಯಲ್ಲಿ ಅದು ಬರೀ ಅರ್ಥವಾದ, ಅದಕ್ಕೆ ವಿಧಿಯ ಬಲವಿಲ್ಲ. ಆದರೆ ವರ್ಡ್‌ಪ್ರೆಸ್ ಕಡತದ ಮೊದಲ 8 ಕಿಲೋಬೈಟ್ ಓದಿ ಆ ಕಾಮೆಂಟನ್ನೇ ಹುಡುಕುತ್ತದೆ; ಸಿಕ್ಕರೆ ಪ್ಲಗಿನ್, ಸಿಗದಿದ್ದರೆ ಕಸ. ಅರ್ಥವಾದವೇ ವಿಧಿಯಾಗಿ ಕೂರುವ ಈ ಪ್ರಸಂಗವನ್ನು ಮೀಮಾಂಸೆಗೆ ಭಾಷ್ಯ ಬರೆದ ಶಬರಸ್ವಾಮಿಗಳೂ ಊಹಿಸಿರಲಾರರು. ಒಳಗೆ ಏನಾದರೂ ಕೆಲಸ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಹೆಸರು ಇದ್ದರಾಯಿತು.

ಈಗ ಕನ್ನಡಕ್ಕೇ ಮೀಸಲಾದ ಒಂದು ಪ್ರಕರಣ. 'ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಗಾರರ ಸಂಕಷ್ಟ' ಎಂಬ ಲೇಖನ ಹಾಕಿದಿರಿ ಎನ್ನಿ. ಶೀರ್ಷಿಕೆಯಿಂದಲೇ ಪುಟದ ವಿಳಾಸ ತಯಾರಾಗುತ್ತದೆ. ಆದರೆ ವಿಳಾಸದಲ್ಲಿ ಕನ್ನಡ ಕನ್ನಡವಾಗಿ ಉಳಿಯುವುದಿಲ್ಲ. 'ಕ' ಎಂಬ ಒಂದಕ್ಷರ ಶೇಕಡಾ ಗುರುತುಗಳ ಸಮೇತ 9 ಚಿಹ್ನೆಯಾಗಿ ಹರಡಿಕೊಳ್ಳುತ್ತದೆ. ಕೊಂಬು, ಗುಡಿಸುಗಳಿಗೂ ತಲಾ 9. ಒತ್ತಕ್ಷರ ಬಂದರೆ ಕಣ್ಣಿಗೆ ಕಾಣದ ಹಲಂತ ಚಿಹ್ನೆಗೆ ಇನ್ನೊಂದು 9. ಡೇಟಾಬೇಸ್ ಇದಕ್ಕೆಲ್ಲ ಕೊಟ್ಟಿರುವ ಜಾಗ 200 ಚಿಹ್ನೆ. ಲೆಕ್ಕ ಹಾಕಿ ನೋಡಿ: ಮೇಲಿನ ಶೀರ್ಷಿಕೆ ಸರಿಯಾಗಿ 200ಕ್ಕೆ 'ಕಾಫಿ' ಎಂಬಲ್ಲಿ ನಿಲ್ಲುತ್ತದೆ. ಬೆಳೆಗಾರರೂ ಹೋದರು, ಸಂಕಷ್ಟವೂ ಹೋಯಿತು. ಸರ್ಕಾರಗಳಿಗೆ ಸಾಧ್ಯವಾಗದ್ದನ್ನು ಒಂದು ಡೇಟಾಬೇಸ್ ಅಂಕಣ ಸಾಧಿಸಿತು.

ಇದಕ್ಕೆ ಪರಿಹಾರವೆಂದು ಕನ್ನಡ ವಿಳಾಸವನ್ನು ಇಂಗ್ಲಿಷ್ ಲಿಪಿಗೆ ಇಳಿಸುವ ಪ್ಲಗಿನ್ ಹಾಕುತ್ತಾರೆ. ಅದನ್ನು ಹಳೆಯ ಲೇಖನಗಳಿಗೂ ಅನ್ವಯಿಸಿದಾಗ, ವಾಟ್ಸ್‌ಆ್ಯಪ್‌ನಲ್ಲಿ ಹಂಚಿಹೋಗಿದ್ದ ಕೊಂಡಿಗಳು ಒತ್ತಿದರೆ 404 ಅನ್ನತೊಡಗುವುದುಂಟು. ಅದಕ್ಕೆ ಹಳೆಯ ವಿಳಾಸದಿಂದ ಹೊಸದಕ್ಕೆ ಕೈ ತೋರಿಸುವ ಪ್ಲಗಿನ್ ಬರುತ್ತದೆ. ಅದು ದಾರಿ ತಪ್ಪಿ ಬಂದವರ ಹಾಜರಿಯನ್ನೆಲ್ಲ ಬರೆದಿಡುವ ಜಾತಿಯದಾದರೆ ಡೇಟಾಬೇಸ್ ಊದುತ್ತದೆ. ಊತ ಇಳಿಸಲು ಒಂದು ಪ್ಲಗಿನ್. ಅದು ಬೇಕಾದ್ದನ್ನೂ ಅಳಿಸಿಬಿಟ್ಟರೆ ಎಂಬ ಅಂಜಿಕೆಗೆ ಬ್ಯಾಕಪ್ ಪ್ಲಗಿನ್. ನೈಯಾಯಿಕರು ಇದನ್ನು ಅನವಸ್ಥಾ ದೋಷ ಎಂದು ಕರೆದು ಗ್ರಂಥದಿಂದ ಹೊರಗಿಟ್ಟರು. ನಮ್ಮಲ್ಲಿ ಇದಕ್ಕೆ ವಾರ್ಷಿಕ ನಿರ್ವಹಣಾ ಗುತ್ತಿಗೆ ಎನ್ನುತ್ತಾರೆ.

ಬ್ಯಾಕಪ್ ಹಾಕಿದ ಮೇಲೆ ಅರ್ಥಾಪತ್ತಿ ಪ್ರಮಾಣ ತಾನಾಗಿ ಕೆಲಸಕ್ಕೆ ಬರುತ್ತದೆ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಶಾಸ್ತ್ರದ ಹಳೆಯ ದೃಷ್ಟಾಂತ. ತಾಣಕ್ಕೆ ಯಾರೂ ಒಂದು ಚಿತ್ರವನ್ನೂ ಸೇರಿಸಿಲ್ಲ, ಆದರೂ ಹೋಸ್ಟಿಂಗ್‌ನವರು ಡಿಸ್ಕ್ ತುಂಬಿತೆಂದು ನೋಟಿಸ್ ಕಳಿಸಿದ್ದಾರೆ. ಆದ್ದರಿಂದ ಬ್ಯಾಕಪ್ ಪ್ಲಗಿನ್ ಪ್ರತಿ ರಾತ್ರಿ ಇಡೀ ತಾಣದ ಜಿಪ್ ಕಟ್ಟಿ ಅದೇ ಸರ್ವರ್‌ನಲ್ಲಿ ಪೇರಿಸುತ್ತಿದೆ. ನಿನ್ನೆಯ ಜಿಪ್‌ಗಳನ್ನೂ ಸೇರಿಸಿ ಇವತ್ತಿನ ಜಿಪ್ ಕಟ್ಟುವ ಹಾಗೆ ಹೊಂದಿಸಿದ್ದರಂತೂ ದೇವದತ್ತ ತನ್ನನ್ನೇ ಉಣ್ಣುತ್ತಿದ್ದಾನೆ ಎಂದರ್ಥ.

ಪ್ಲಗಿನ್‌ಗಳು ಒಂದರ ಕೆಲಸದಲ್ಲಿ ಇನ್ನೊಂದು ಹೇಗೆ ತಲೆಹಾಕುತ್ತವೆ ಎಂಬುದು ಹುಕ್ ಪ್ರಕರಣದ ವಿಷಯ. ಪುಟ ಸಿದ್ಧವಾಗುವ ಹಾದಿಯಲ್ಲಿ ವರ್ಡ್‌ಪ್ರೆಸ್ ಅಲ್ಲಲ್ಲಿ ನಿಂತು 'ಯಾರಿಗಾದರೂ ಏನಾದರೂ ಮಾಡಲಿಕ್ಕಿದೆಯೇ' ಎಂದು ಕೇಳುತ್ತದೆ. ಮದುವೆಮನೆಯ ಪಂಕ್ತಿಯಂತೆ ಇಲ್ಲೂ ಸಂಖ್ಯೆಗಳುಂಟು. ಕಡಿಮೆ ಸಂಖ್ಯೆಯವರು ಮೊದಲು, ಏನೂ ಹೇಳದವರಿಗೆಲ್ಲ 10. ಸಂಭಾವಿತರು 10ರಲ್ಲೇ ಕೂರುತ್ತಾರೆ. ಕಡೆಯ ಮಾತು ತನ್ನದೇ ಆಗಬೇಕೆನ್ನುವ ಪ್ಲಗಿನ್ 9999 ಎಂದು ಬರೆದುಕೊಂಡು ಬಂದು, ಎಲ್ಲರೂ ಬಡಿಸಿ ಮುಗಿಸಿದ ಮೇಲೆ ಎಲೆಯನ್ನೇ ತಿರುವಿಹಾಕುತ್ತದೆ.

ಅಂಥ ಇಬ್ಬರು ಎದುರಾದಾಗ ಉಂಟಾಗುವುದೇ ಬಿಳಿ ಪುಟ. ಎಡ ಬಲ ಮೇಲೆ ಕೆಳಗೆ ಏನೂ ಇಲ್ಲ, ತಪ್ಪೇನೆಂಬ ಸೂಚನೆಯೂ ಇಲ್ಲ. ಇಲ್ಲದಿರುವುದರಿಂದಲೇ ಜ್ಞಾನ ಹುಟ್ಟುವುದನ್ನು ಭಾಟ್ಟರೂ ಅದ್ವೈತಿಗಳೂ ಅನುಪಲಬ್ಧಿ ಎನ್ನುತ್ತಾರೆ; ಹುಟ್ಟುವ ಜ್ಞಾನವೆಂದರೆ 'ಬ್ಯಾಕಪ್ ತೆಗೆಯಬೇಕಿತ್ತು'. 2019ರ 5.2ನೇ ಆವೃತ್ತಿಯಿಂದ ಈಚೆಗೆ ಈ ಶೂನ್ಯಕ್ಕೆ ಬದಲು ಗಂಭೀರ ದೋಷವೆಂಬ ಒಂದು ವಾಕ್ಯ ಬರುತ್ತದೆ, ಅಡ್ಮಿನ್ ವಿಳಾಸಕ್ಕೆ ದುರಸ್ತಿಯ ಕೊಂಡಿಯೂ ಇಮೇಲ್ ಆಗಿ ಹೋಗುತ್ತದೆ. ಆ ವಿಳಾಸ ಸೋದರಳಿಯನದು. ಆಗ ಉಳಿದಿರುವ ಪ್ರಾಯಶ್ಚಿತ್ತ ಒಂದೇ: ಸರ್ವರ್‌ಗೆ ನೇರವಾಗಿ ಹೋಗಿ ಪ್ಲಗಿನ್ಸ್ ಎಂಬ ಫೋಲ್ಡರ್‌ಗೆ ಬೇರೆ ಹೆಸರಿಡುವುದು. ಹೆಸರು ಬದಲಾದ ಕೂಡಲೆ ಎಲ್ಲ ಪ್ಲಗಿನ್‌ಗಳೂ ಒಟ್ಟಿಗೆ ನಿಷ್ಕ್ರಿಯವಾಗುತ್ತವೆ, ತಾಣ ಎದ್ದು ಕೂರುತ್ತದೆ. ನಾಮಕರಣದಿಂದ ಇಷ್ಟು ತ್ವರಿತ ಫಲ ಬೇರೆಲ್ಲೂ ಕಂಡಿಲ್ಲ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ನಾಲ್ಕು ಸಾಲಿನ ಕೆಲಸಕ್ಕೆ ಪ್ಲಗಿನ್ ಏಕೆ, ಥೀಮ್‌ನ ಫಂಕ್ಷನ್ಸ್ ಕಡತದಲ್ಲೇ ಬರೆದರಾಯಿತಲ್ಲ ಎಂಬುದು ಅವರ ವಾದ. ವಾದ ಚೆನ್ನಾಗಿದೆ. ಥೀಮ್ ಬದಲಾದ ದಿನ ನಾಲ್ಕೂ ಸಾಲು ಅದರೊಂದಿಗೆ ಹೊರಟುಹೋಗುತ್ತವೆ. ಅದಕ್ಕೆ ಮೊದಲು ಒಂದು ಅರ್ಧವಿರಾಮ ಬಿಟ್ಟುಹೋದರೆ ಇಡೀ ತಾಣವೇ ಹೋಗಿರುತ್ತದೆ.

ಇಷ್ಟಾದರೂ ಹಾಕುವುದರಲ್ಲಿ ನಿಜವಾದ ಶಾಸ್ತ್ರವಿಲ್ಲ ಎಂಬುದೇ ಈ ಪ್ರಬಂಧದ ಸಿದ್ಧಾಂತ. ಅದು ಎರಡು ಒತ್ತಿಗೆ ಮುಗಿಯುವ ಕೆಲಸ. ಶಾಸ್ತ್ರವೆಲ್ಲ ಇರುವುದು ತೆಗೆಯುವುದರಲ್ಲಿ. ಅಳಿಸು ಎಂದಾಗ ಕಡತಗಳು ಹೋಗುತ್ತವೆ. ಡೇಟಾಬೇಸ್‌ನಲ್ಲಿ ಬಿಟ್ಟದ್ದನ್ನು ಗುಡಿಸಿ ಹೋಗುವುದು ಬರೆದವನ ಸೌಜನ್ಯಕ್ಕೆ ಬಿಟ್ಟದ್ದು. ಕರ್ಮದ ಹಾಗೆ ಆ ಶೇಷದಲ್ಲೂ ಮೂರು ಬಗೆ. ಯಾರೂ ಓದದ ಟೇಬಲ್‌ಗಳಾಗಿ ಬಿದ್ದಿರುವುದು ಸಂಚಿತ. ಆಪ್ಷನ್ಸ್ ಟೇಬಲ್‌ನಲ್ಲಿ ಆಟೋಲೋಡ್ ಎಂದು ಗುರುತಾಗಿದ್ದು, ಪ್ರತಿ ಪುಟ ತೆರೆದಾಗಲೂ ಸುಮ್ಮನೆ ಎದ್ದುಬರುವುದು ಪ್ರಾರಬ್ಧ; ಅನುಭವಿಸಿಯೇ ತೀರಬೇಕು. ಕ್ರಾನ್ ಪಟ್ಟಿಯಲ್ಲಿ ನಾಳೆಯ ಕೆಲಸವೆಂದು ಬರೆದಿಟ್ಟದ್ದು ಆಗಾಮಿ. ಇವು ಮೂರಕ್ಕೂ ಸೇರದೆ, ಹಳೆಯ ಲೇಖನಗಳ ನಡುವೆ ಚೌಕಾವರಣದ ಶಾರ್ಟ್‌ಕೋಡ್‌ಗಳು ಬಟ್ಟೆಯಿಲ್ಲದೆ ನಿಂತಿರುತ್ತವೆ. ಅವಕ್ಕೆ ಗತಿ ಕಾಣಿಸಲು ಒಂದು ಪ್ಲಗಿನ್ ಇದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕಿವಿಗೊಡಬೇಡಿ.

ಮುಹೂರ್ತದ ಬಗ್ಗೆ ಒಂದು ಮಾತು. ಶುಕ್ರವಾರದ ರಾಹುಕಾಲ ಬೆಳಿಗ್ಗೆ 10:30ರಿಂದ 12 ಎಂದು ಪಂಚಾಂಗದಲ್ಲಿದೆ. ಈ ಶಾಸ್ತ್ರದಲ್ಲಿ ಅದು ಸಂಜೆ 4ಕ್ಕೆ ಹಿಡಿದು ಸೋಮವಾರ ಬೆಳಿಗ್ಗೆ ಹೋಸ್ಟಿಂಗ್‌ನವರು ಫೋನ್ ಎತ್ತುವವರೆಗೂ ನಡೆಯುತ್ತದೆ. ಹಾಕುವವರಿಗೂ ತೆಗೆಯುವವರಿಗೂ ವಿನಂತಿ: ಮೊದಲು ಡೇಟಾಬೇಸ್‌ನ ಒಂದು ಪ್ರತಿ ಇಳಿಸಿಕೊಳ್ಳಿ, ಅದನ್ನು ಅದೇ ಸರ್ವರ್‌ನಲ್ಲಿ ಇಡಬೇಡಿ.