ಗಾಡಿಗೆ ಉಸಿರು ಕಟ್ತಿದೆ, ಭಾವ!

ನನ್ನ ಭಾಮೈದನಿಗೆ ಮನುಷ್ಯರ ಕಾಯಿಲೆಗಳಲ್ಲಿ ಅಷ್ಟಾಗಿ ಆಸಕ್ತಿಯಿಲ್ಲ. ಅವನ ಅಕ್ಕನಿಗೆ, ಅಂದರೆ ನನ್ನ ಹೆಂಡತಿಗೆ, ಧೂಳಿನ ಅಲರ್ಜಿ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಹೂಬಿಟ್ಟ ಕಾಲದಲ್ಲಿ ಅವಳು ಮೂಗಿನಲ್ಲಿ ಉಸಿರಾಡುವುದನ್ನೇ ಬಿಟ್ಟುಬಿಡುತ್ತಾಳೆ. "ಆವಿ ತಗೋ ಅಕ್ಕ" ಎಂದರೆ ಅಲ್ಲಿಗೆ ಇವನ ಕರ್ತವ್ಯ ಮುಗಿಯಿತು. ಕಾರಿನ ವಿಷಯಕ್ಕೆ ಬಂದರೆ ಮಾತ್ರ ಕರುಳು ಕಿತ್ತು ಬರುತ್ತದೆ. "ಗಾಡಿಗೆ ಉಸಿರು ಕಟ್ತಿದೆ ಭಾವ. ಕಂಪನಿಯವರು ಮೂಗು ಮುಚ್ಚಿ ಕಳಿಸಿದಾರೆ" ಎಂದು ಒಂದು ಭಾನುವಾರ ಕಾಫಿ ಕುಡಿಯುತ್ತ ಹೇಳಿದಾಗ ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು.

ಅವನು ಸಂಕಟವನ್ನೂ ಲೆಕ್ಕದ ಸಮೇತ ಹೇಳುವವನು. ಅವನದು 1.2 ಲೀಟರ್ ಎಂಜಿನ್ನಿನ ಪೆಟ್ರೋಲ್ ಕಾರು. ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಎಲ್ಲ ಸಿಲಿಂಡರುಗಳೂ ಒಂದೊಂದು ಸಲ ಉಸಿರು ಎಳೆದುಕೊಂಡಿರುತ್ತವೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಆಕ್ಸಿಲರೇಟರ್ ಪೂರ್ತಿ ತುಳಿದಿದ್ದರೆ ಹೆಚ್ಚುಕಡಿಮೆ 1800 ಲೀಟರ್ ಗಾಳಿ ಬೇಕು. ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಏಳೆಂಟು ಲೀಟರ್ ಸಾಕು. "ಅಂದ್ರೆ ಬಾನೆಟ್ ಕೆಳಗೆ ಇನ್ನೂರು ಚಿಲ್ಲರೆ ಜನ ಕೂತಿದಾರೆ ಅಂದ್ಕೊಳಿ. ಎಲ್ರಿಗೂ ಸೇರಿ ಒಂದೇ ಒಂದು ಕಾಗದದ ಮಾಸ್ಕ್!" ನನಗೆ ಅವರನ್ನೆಲ್ಲ ಹೊರಗೆ ಕರೆದು ಒಂದೊಂದು ಲೋಟ ಮಜ್ಜಿಗೆ ಕೊಡಬೇಕೆನ್ನಿಸಿತು.

ಪರಿಹಾರ ಜೆ.ಸಿ. ರಸ್ತೆಯಲ್ಲಿತ್ತು. ಟೌನ್ ಹಾಲಿನಿಂದ ಮಿನರ್ವ ಸರ್ಕಲ್ ಕಡೆಗೆ ಹೋಗುವ ಈ ರಸ್ತೆಯಲ್ಲಿ ಕಾರು ಸ್ವಲ್ಪ ನಿಧಾನವಾದರೆ ಸಾಕು, "ಸೀಟ್ ಕವರ್ ಸಾರ್, ಮ್ಯಾಟಿಂಗ್ ಸಾರ್" ಎಂದು ಹುಡುಗರು ಕಿಟಕಿಗೇ ಬರುತ್ತಾರೆ. ರವೀಂದ್ರ ಕಲಾಕ್ಷೇತ್ರವೂ ಇದೇ ರಸ್ತೆಯಲ್ಲಿದೆ. ಟಿಕೆಟ್ ಇಟ್ಟು ನಾಟಕ ಆಡುವುದು ಅಲ್ಲಿ ಮಾತ್ರ. ನಾವು ಹೋದ ಅಂಗಡಿಯವನು ಗಾಜಿನ ಕಪಾಟಿನಿಂದ ಶಂಕುವಿನಾಕಾರದ ಒಂದು ಕೆಂಪು ಫಿಲ್ಟರನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಹತ್ತಿ ಬಟ್ಟೆಯ ಪದರಗಳನ್ನು ತಂತಿಜಾಲರಿಯ ನಡುವೆ ಮಡಿಸಿ, ಎಣ್ಣೆ ಹಾಕಿದ ಮಾಲು. 1969ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಶುರುವಾದ ಕೆ ಆಂಡ್ ಎನ್ ಕಂಪನಿ ಜಗತ್ತಿನಾದ್ಯಂತ ಹೆಸರು ಮಾಡಿದ್ದು ಈ ಬಗೆಯ ಫಿಲ್ಟರಿನಿಂದಲೇ ಎಂದು ಭಾಮೈದ ನನಗೆ ಸ್ಥಳಪುರಾಣ ಒಪ್ಪಿಸಿದ. ಕಾಗದದ ಫಿಲ್ಟರಿಗೆ ಕೆಲವು ನೂರು ರೂಪಾಯಿ. ಇದು ಸಾವಿರಗಳ ವ್ಯವಹಾರ. ಆದರೆ ಇದನ್ನು ಬಿಸಾಡುವಂತಿಲ್ಲ, ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಮತ್ತೆ ಹಾಕಬೇಕು. ಮನೆಯಲ್ಲಿ ಯಾರ ತಲೆಗೂ ಇಷ್ಟು ಕ್ರಮವಾಗಿ ಎಣ್ಣೆ ಬಿದ್ದದ್ದು ನನಗೆ ನೆನಪಿಲ್ಲ.

ಅಂಗಡಿಯಲ್ಲೇ ಕೂರಿಸುತ್ತೇವೆಂದರೂ ಇವನು ಒಪ್ಪಲಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತಾನೇ ಕೂರಿಸುವುದೆಂದು ತೀರ್ಮಾನವಾಯಿತು. ನನ್ನ ಪಾಲಿಗೆ ಬಂದದ್ದು ಟಾರ್ಚ್. ಚಿಕ್ಕಂದಿನಲ್ಲಿ ಅಪ್ಪ ಫ್ಯೂಸ್ ಹಾಕುವಾಗ ಟಾರ್ಚ್ ಹಿಡಿದು "ಎಲ್ಲಿ ನೋಡ್ತಿದೀಯೋ, ಇಲ್ಲಿ ಬಿಡೋ ಬೆಳಕು" ಎಂದು ಬೈಸಿಕೊಂಡಿದ್ದೆ. ಐವತ್ತು ದಾಟಿದ ಮೇಲೂ ಬಡ್ತಿ ಸಿಕ್ಕಿಲ್ಲ. ಬೈಗುಳಕ್ಕೆ ಬಹುವಚನ ಸೇರಿದೆ, ಅಷ್ಟೇ. "ಭಾವ, ಬೆಳಕು ಇಲ್ಲಿ ಬಿಡ್ರೀ!"

ಹತ್ತರ ಸ್ಪ್ಯಾನರಿಗೆ ಬೋಲ್ಟುಗಳು ಬಿಚ್ಚಿಕೊಂಡವು, ಹೋಸಿನ ಕ್ಲಿಪ್ ಸಡಿಲವಾಯಿತು, ಒಂದು ಸ್ಕ್ರೂ ಎಂಜಿನ್ನಿನ ಸಂದಿಯೊಳಗೆ ಬಿದ್ದು ಅಲ್ಲೇ ಸಂಸಾರ ಹೂಡಿತು. ಕೊನೆಗೆ ಹೊರಬಂದದ್ದು ಒಂದು ದೊಡ್ಡ ಕಪ್ಪು ಪ್ಲಾಸ್ಟಿಕ್ ಡಬ್ಬ, ಅದರ ಮೈಗೆ ಅಂಟಿಕೊಂಡ ಇನ್ನೆರಡು ಮರಿಡಬ್ಬ. ನನಗೆ ಇಡೀ ಪ್ರಸಂಗದಲ್ಲಿ ಕುತೂಹಲ ಹುಟ್ಟಿಸಿದ್ದು ಈ ಡಬ್ಬವೇ. ಅದರ ಕೊಳವೆ ಹೆಡ್‌ಲೈಟಿನ ಹಿಂದಿನವರೆಗೆ ಹೋಗುತ್ತದೆ. ಎಂಜಿನ್ನಿನ ಕಾವು ತಗಲದ ಹೊರಗಿನ ಗಾಳಿ ಸಿಗಲೆಂದು. ಬಾಯಿ ಎತ್ತರದಲ್ಲಿದೆ, ಮಳೆನೀರು ನುಗ್ಗದಿರಲೆಂದು. ಒಳಗೆ ಏನೂ ಇಲ್ಲದ ಆ ಮರಿಡಬ್ಬಗಳ ಅಳತೆಯನ್ನು ಎಂಜಿನಿಯರುಗಳು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಎಂಜಿನ್ ಉಸಿರೆಳೆಯುವ ಸದ್ದಿನ ಒಂದು ಪಾಲನ್ನು ನುಂಗುವುದೇ ಅವುಗಳ ಕೆಲಸ. ಎಂದರೆ, ಈ ನಿಶ್ಶಬ್ದಕ್ಕೆ ಕಾರು ಕೊಳ್ಳುವಾಗಲೇ ದುಡ್ಡು ಕೊಟ್ಟಾಗಿದೆ. ಈಗ ಅದನ್ನು ಬಿಚ್ಚಿ ಬದಿಗಿಡಲು ಮತ್ತೊಮ್ಮೆ ಕೊಡುತ್ತಿದ್ದೇವೆ.

ಅಷ್ಟರಲ್ಲಿ ನಾಲ್ಕು ಜನ ಸೇರಿದ್ದರು. ಮೂರನೇ ಮಹಡಿಯ ನಿವೃತ್ತರು ಕೇಳಬೇಕಾದ್ದನ್ನೇ ಕೇಳಿದರು: "ಮೈಲೇಜ್ ಜಾಸ್ತಿ ಬರತ್ತಾ? ಗಾಳಿ ಜಾಸ್ತಿ ಕುಡಿದ್ರೆ ಹೊಟ್ಟೆ ತುಂಬಿರತ್ತಲ್ಲ, ಪೆಟ್ರೋಲ್ ಕಡಿಮೆ ಕುಡಿಯತ್ತೆ." ತರ್ಕ ಸೊಗಸಾಗಿದೆ, ಎಂಜಿನ್ ಮಾತ್ರ ಒಪ್ಪುವುದಿಲ್ಲ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಹೆಚ್ಚಾಯಿತೆಂದು ಸೆನ್ಸರ್ ಚಾಡಿ ಹೇಳಿದೊಡನೆ ಕಂಪ್ಯೂಟರ್ ಪೆಟ್ರೋಲನ್ನೂ ಹೆಚ್ಚಿಸುತ್ತದೆ. ಇಂಥದೇ ಇನ್ನೊಂದು ಚಾಡಿಕೋರ ಸೆನ್ಸರ್ ನಮ್ಮಲ್ಲೂ ಕೆಲಸ ತೋರಿಸಿತು. ಗಾಡಿ ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಗಾಳಿಯ ಉಷ್ಣತೆ ನೋಡುವ ಸೆನ್ಸರಿನ ಪ್ಲಗ್ ಚುಚ್ಚುವುದನ್ನು ಭಾಮೈದ ಮರೆತಿದ್ದ. ಟಾರ್ಚ್ ಅಲ್ಲಿ ಬಿಟ್ಟಿರಲಿಲ್ಲ ಎಂಬ ಕಾರಣಕ್ಕೆ ತಪ್ಪು ನನ್ನ ಖಾತೆಗೆ ಜಮೆಯಾಯಿತು.

ರಸ್ತೆಗಿಳಿದೆವು. ಆಕ್ಸಿಲರೇಟರ್ ಒತ್ತಿದ ತಕ್ಷಣ ಬಾನೆಟ್ಟಿನಡಿಯಿಂದ, ನಶ್ಯ ಏರಿಸಿದ ಮೇಷ್ಟ್ರು ಸೀನುವ ಮುಂಚೆ ಎಳೆದುಕೊಳ್ಳುವ ಉಸಿರಿನಂಥ ಸದ್ದು. ಸೀನು ಮಾತ್ರ ಬರುವುದಿಲ್ಲ. "ಪಿಕಪ್ ನೋಡಿ ಭಾವ, ಹೆಂಗೆ ಎಳೀತಿದೆ!" ಎಂದ. ಮುಂದೆ ಹಂಪ್, ಅದರ ಮುಂದೆ ಬಿಎಂಟಿಸಿ ಬಸ್ಸು. ನನಗೂ ಗಾಡಿ ಜೋರಾಗಿ ಹೋದಂತೆಯೇ ಅನ್ನಿಸಿತು. ಸ್ಪೀಡೋಮೀಟರ್ ನೋಡಿದರೆ ಇಪ್ಪತ್ತೆರಡು. ಅಶ್ವಶಕ್ತಿಯ ಕುದುರೆಗಳಲ್ಲಿ ಹೆಚ್ಚಿನವು ಕಿವಿಯಲ್ಲೇ ಓಡುತ್ತವೆ ಎಂಬುದು ನನ್ನ ಅಂದಾಜು.

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆಗುವುದು ಇನ್ನೂ ತಮಾಷೆಯದು. ಪೆಟ್ರೋಲ್ ಎಂಜಿನ್ನಿಗೆ ಗಾಳಿಯನ್ನು ಅಳೆದು ಬಿಡುವುದು ಥ್ರಾಟಲಿನ ಲೋಹದ ಬಿಲ್ಲೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವಾಗ ಅದು ಮುಕ್ಕಾಲು ಪಾಲಿಗಿಂತ ಹೆಚ್ಚು ಮುಚ್ಚಿಕೊಂಡೇ ಇರುತ್ತದೆ. ಹಿತ್ತಿಲ ಬಾಗಿಲು ಮುಚ್ಚಿಟ್ಟು ಹೆಬ್ಬಾಗಿಲನ್ನು ಎಷ್ಟು ಅಗಲ ಮಾಡಿದರೇನು? ಮೇಲಾಗಿ ಹಳೆಯ ಡಬ್ಬ ಹೊರಗಿನ ತಂಪು ಗಾಳಿ ತರುತ್ತಿತ್ತು. ಬಯಲಿಗೆ ಬಿದ್ದ ಹೊಸ ಫಿಲ್ಟರ್ ಎಂಜಿನ್ನಿನ ಬಿಸಿಗಾಳಿಯನ್ನೇ ಹೀರುತ್ತದೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಶೇ. 3ರಷ್ಟು ತೆಳ್ಳಗಾಗುತ್ತದೆ. ಅದಕ್ಕೂ ತಗಡಿನ ಮರೆ ಸಿಗುತ್ತದಂತೆ, ಅದೇ ಅಂಗಡಿಯಲ್ಲಿ.

ಚಿಂತಾಮಣಿ ಕಡೆಯಿಂದ ಬಂದ ನಮ್ಮ ದೊಡ್ಡಪ್ಪ ಬಾನೆಟ್ಟಿನೊಳಗೆ ಬಗ್ಗಿ ನೋಡಿ, "ಎಣ್ಣೇಲಿ ಧೂಳು ಹಿಡಿಯೋದಾ? ನಮ್ಮ ಹಳೇ ಟ್ರ್ಯಾಕ್ಟರಲ್ಲಿ ಎಣ್ಣೆ ಬಟ್ಲೇ ಇತ್ತಲ್ಲಪ್ಪ" ಎಂದರು. ಗಾಳಿ ಎಣ್ಣೆಯ ಮೇಲೆ ಹಾದು, ಧೂಳು ತಳ ಸೇರಿ, ಜಾಲರಿ ದಾಟಿ ಎಂಜಿನ್ ಸೇರುವ ಏರ್ ಕ್ಲೀನರ್ ಹಳೆಯ ಟ್ರ್ಯಾಕ್ಟರು, ಜೀಪುಗಳಲ್ಲಿ ಮಾಮೂಲು. ಭಾಮೈದನಿಗೆ ಕ್ಯಾಲಿಫೋರ್ನಿಯಾದಿಂದ ಒಮ್ಮೆಲೇ ಚಿಂತಾಮಣಿಗೆ ಇಳಿದದ್ದು ಹಿತವೆನಿಸಲಿಲ್ಲ.

ನಿಜಕ್ಕೂ ಹೆಚ್ಚು ಗಾಳಿ ಬೇಕೆನ್ನುವವರಿಗೆ ನನ್ನಲ್ಲೊಂದು ಉಪಾಯವಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಟರ್ಬೋ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗಿರುತ್ತದೆ. ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋದರೆ, ಯಾವ ಫಿಲ್ಟರೂ ಕೊಡದಷ್ಟು ಶಕ್ತಿ ಪುಕ್ಕಟೆ ಸಿಗುತ್ತದೆ. ಜೊತೆಗೆ ನೀರುದೋಸೆ. ಇದನ್ನು ಹೇಳಿದ್ದಕ್ಕೆ ಭಾಮೈದ, "ಸದ್ದು ಬರಲ್ವಲ್ಲ ಭಾವ" ಎಂದ. ಅಂದು ಅವನಾಡಿದ ಮಾತುಗಳಲ್ಲಿ ಪ್ರಾಮಾಣಿಕವಾದದ್ದು ಇದೊಂದೇ. ಸದ್ದಿಗೇ ದುಡ್ಡು ಕೊಟ್ಟೆನೆಂದು ಒಪ್ಪಿಕೊಂಡರೆ ನನ್ನ ತಕರಾರಿಲ್ಲ. ಸಂಗೀತ ಕಛೇರಿಗೂ ದುಡ್ಡು ಕೊಡುತ್ತೇವಲ್ಲ.

ಮಾಡಿಸಲೇಬೇಕೆನ್ನುವವರಿಗೆ ಎರಡು ಮಾತು. ಕೊಳವೆಯ ಬಾಯಿಯನ್ನು ಬಂಪರಿನ ಹತ್ತಿರ ತಗ್ಗಿಗೆ ಇಳಿಸಬೇಡಿ. ನಮ್ಮ ಅಂಡರ್‌ಪಾಸುಗಳಲ್ಲಿ ನಿಂತ ನೀರನ್ನು ಎಂಜಿನ್ ಒಮ್ಮೆ ಹೀರಿಕೊಂಡರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ನಿಗೆಂದೇ ಪ್ರತ್ಯೇಕ ರಕ್ಷಣೆ ಸೇರಿಸದ ವಿಮೆ ಸಾಮಾನ್ಯವಾಗಿ ಆ ಖರ್ಚು ಕೊಡುವುದಿಲ್ಲ. ಇನ್ನೊಂದು, ಬಿಚ್ಚಿದ ಕಪ್ಪು ಡಬ್ಬವನ್ನು ಗುಜರಿಗೆ ಹಾಕಬೇಡಿ. ಬೋಲ್ಟುಗಳ ಸಮೇತ ಅಟ್ಟದ ಮೇಲಿಡಿ. ಗಾಡಿ ಮಾರುವ ದಿನ, ಬಂದವರು ಬಾನೆಟ್ ಎತ್ತಿಸಿ ಮೊದಲು ಕೇಳುವುದು ಅದನ್ನೇ.